ಎರಡು ಲೋಟ ಕಾಫಿ

ಮೊದಲೆಲ್ಲ ಸಿನಿಮಾದಲ್ಲಿ ಹಳೆಯ ನೆನಪು ಶುರುವಾಗುವಾಗ ಪರದೆ ನೀರಿನಂತೆ ಅಲುಗಾಡುತ್ತಿತ್ತು. ನನ್ನಂಥವರಿಗೆ ಅದೊಂದು ಉಪಕಾರ. ಈಗ ಯಾರೋ ಬಾಗಿಲು ತೆಗೆಯುತ್ತಾರೆ, ಆಚೆ ಇಪ್ಪತ್ತು ವರ್ಷ ಹಿಂದಿನ ಕಾಲ ಇರುತ್ತದೆ; ನಾನು ಈಚೆಯೇ ನಿಂತಿರುತ್ತೇನೆ.

ಇದನ್ನು ನಾನು ಮನೆಯಲ್ಲಿ ಒಪ್ಪಿಕೊಂಡಿರಲಿಲ್ಲ. ಎರಡು ವರ್ಷದಿಂದ ಅಮ್ಮನ ಕಣ್ಣು ಮಬ್ಬು. ಪರದೆಯ ಮೇಲೆ ಬರೀ ಬೆಳಕು ಓಡಾಡುತ್ತದಂತೆ. ಸಿನಿಮಾ ಅಂದರೆ ಪ್ರಾಣ ಬಿಡುತ್ತಿದ್ದವಳು ಥಿಯೇಟರೇ ಬೇಡ ಅಂತ ಕೂತುಬಿಟ್ಟಿದ್ದಳು. ಪಕ್ಕದಲ್ಲಿ ಕೂತು ನಾನು ಕಥೆ ಹೇಳ್ತೀನಿ ಅಂದೆ.

"ಇದೊಂದು ಸಲ ಬರ್ತೀನಿ. ಅರ್ಥ ಆಗ್ಲಿಲ್ಲ ಅಂದ್ರೆ ಇನ್ಮೇಲೆ ಕರೀಬೇಡ ಕಣೋ."

ವಿಜಯನಗರದಿಂದ ಆಟೋದಲ್ಲಿ ಹೋಗುವಾಗ ಅವಳು ಆರಾಮಾಗಿದ್ದಳು. ಪರೀಕ್ಷೆಗೆ ಹೊರಟವನ ಹಾಗಿದ್ದದ್ದು ನಾನು.

ಒಬ್ಬ ಟೈಲರ್, ಅವನ ಮಗಳು, ಇಷ್ಟೇ ಕಥೆ. ಅರ್ಧ ಗಂಟೆ ಸರಾಗವಾಗಿ ಪಿಸುಗುಟ್ಟಿದೆ. ಆಮೇಲೆ ಟೈಲರ್ ಸತ್ತ. ಮುಂದಿನ ದೃಶ್ಯದಲ್ಲೇ ಮಗಳು ಎರಡು ಲೋಟಕ್ಕೆ ಕಾಫಿ ಸುರಿಯುತ್ತಿದ್ದಳು, ನಗುನಗುತ್ತಾ.

"ಅಮ್ಮ, ಅವನು ಸತ್ತಿಲ್ಲ ಅನ್ಸುತ್ತೆ."

"ಇದು ಹಳೇದು ಕಣೋ. ಒಳಗೆ ಮೆಷಿನ್ ಓಡ್ತಿಲ್ವಾ?"

ಕಿವಿಗೊಟ್ಟೆ. ಎಲ್ಲೋ ಪಕ್ಕದ ಕೋಣೆಯಲ್ಲಿ ಹೊಲಿಗೆ ಮೆಷಿನ್ ಕಟಕಟ ಅನ್ನುತ್ತಿತ್ತು. ಇಷ್ಟು ಹೊತ್ತೂ ಅನ್ನುತ್ತಿತ್ತೋ ಏನೋ, ನಾನು ಟೈಲರ್‌ನ ಮೀಸೆ ಕಪ್ಪಗಿದೆಯೋ ನರೆತಿದೆಯೋ ಅಂತ ನೋಡುತ್ತಾ ಕೂತಿದ್ದೆ.

ಮತ್ತೆ ಅದೇ ಅಡುಗೆಮನೆ, ಅದೇ ಕಾಫಿ. ಈ ಸಲ ಮೋಸ ಹೋಗಬಾರದು ಅಂತ, "ಇದೂ ಹಳೇದು," ಅಂದೆ.

"ಮೆಷಿನ್ ನಿಂತಿದೆ. ಈಗ ಒಬ್ಬಳೇ ಇದಾಳೆ."

ಹಿಂದಿನ ಸಾಲಿನಿಂದ ಒಬ್ಬರು ಬಗ್ಗಿದರು. "ಸಾರ್, ನೀವು ಸುಮ್ನಿದ್ಬುಡಿ. ಅಜ್ಜಿ ಹೇಳ್ಲಿ, ನಮಗೂ ಅರ್ಥ ಆಯ್ತದೆ."

ಸುಮ್ಮನಿರಬಹುದಿತ್ತು. ಆದರೆ ಗೊಂದಲ ತಡೆಯಲಾಗಲಿಲ್ಲ.

"ಒಬ್ಬಳೇ ಆದ್ರೆ ಎರಡು ಲೋಟ ಯಾಕಮ್ಮ?"

"ಎರಡು ಇಟ್ಟಿದಾಳಾ?"

"ಹೂಂ."

ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಏನು ತಪ್ಪು ಹೇಳಿದೆನೋ ಅಂತ ಉಳಿದ ಸಿನಿಮಾವೆಲ್ಲ ಬಾಯಿ ಬಿಡಲಿಲ್ಲ. ಕೊನೆಗೆ ಮಗಳು ಅಪ್ಪನ ಹೊಲಿಗೆ ಅಂಗಡಿ ತೆರೆದಳೋ, ತೆರೆದಂತೆ ನೆನೆಸಿಕೊಂಡಳೋ, ಇವತ್ತಿಗೂ ನನಗೆ ಗೊತ್ತಿಲ್ಲ.

ಹೊರಗೆ ಬಂದು ಆಟೋ ಕಾಯುವಾಗ ಕೇಳಿದೆ. "ಇನ್ಮೇಲೆ ಕರೀಲೋ, ಬೇಡ್ವೋ?"

"ಕರಿ. ಲೋಟ ಎಷ್ಟಿದೆ ಅಂತ ನೀನು ಹೇಳು, ಸಾಕು. ಕಥೆ ನಾನು ಹೇಳ್ತೀನಿ."