ಗೂಡಿನ ತಕ್ಕಡಿ ಹತ್ತಿದವಳು

ಅಕ್ಕನಿಗೆ ಕೂದಲು ಬಂದದ್ದು ಮೇಲ್ದುಟಿಗೆ ಮಾತ್ರವೋ, ಅಥವಾ ಎರಡು ಕೆನ್ನೆಗೂ ಬಂದಿತ್ತೋ. ಈಗ ಕಣ್ಣಿಗೆ ಕಾಣುವುದು ಮೇಲ್ದುಟಿಯ ಮೇಲಿನ ಕಪ್ಪು ಕೂದಲು ಮಾತ್ರ. ಬೇಯುವ ರೇಷ್ಮೆಗೂಡಿನ ಹಬೆಗೆ ಅದರ ಮೇಲೆ ಸಣ್ಣ ಹನಿಗಳು ಕೂತಿರುತ್ತಿದ್ದವು. ಹನಿಗಳನ್ನು ಆಮೇಲೆ ನಾನೇ ಸೇರಿಸಿಕೊಂಡಿರಬಹುದು. ಸತ್ತವರ ಮುಖವನ್ನು ನೆನಪು ತಿದ್ದಿ ಚಂದ ಮಾಡಿಬಿಡುತ್ತದೆ. ಅದರ ಮೇಲೆ ನನಗೆ ನಂಬಿಕೆಯಿಲ್ಲ. ಕೂದಲಂತೂ ನಿಜ. ಇಡೀ ವಠಾರ ನೋಡಿ ನಕ್ಕಿತ್ತು.

ಸ್ವಂತ ಅಕ್ಕನಲ್ಲ, ಪಕ್ಕದ ಮನೆಯವಳು. ಗಂಡನನ್ನು ಬಿಟ್ಟು ಒಂದು ಸೂಟ್‌ಕೇಸ್ ಹಿಡಿದು ನಾನು ರಾಮನಗರದ ಆ ವಠಾರಕ್ಕೆ ಬಂದ ದಿನ ಉಳಿದವರೆಲ್ಲ ಕಾರಣ ಕೇಳಿದರು. ಅವಳು ‘ಉಂಡ್ಯಾ?’ ಎಂದಳು. ಊರಾಚೆಯ ಒಂದು ಫಿಲೇಚರ್‌ನಲ್ಲಿ ರೇಷ್ಮೆ ನೂಲು ತೆಗೆಯುವುದು ಅವಳ ಕೆಲಸ. ಅವಳ ಮಧ್ಯಾಹ್ನದ ಬುತ್ತಿ ಆಮೇಲಾಮೇಲೆ ನನ್ನ ಕೈಯದೇ ಆಯಿತು. ನಾನೇ ಒಯ್ದು ಕೊಡುತ್ತಿದ್ದೆ.

ಅವಳ ಬಿಪಿ ಯಾವ ಮಾತ್ರೆಗೂ ಜಗ್ಗಲಿಲ್ಲ. ಕೊನೆಗೆ ಡಾಕ್ಟರಮ್ಮ ಬಲವಾದದ್ದೊಂದನ್ನು ಬರೆದುಕೊಟ್ಟರು. ನಾನೂ ಪಕ್ಕದಲ್ಲೇ ಕೂತಿದ್ದೆ.

‘ಇದು ಮೈಯಲ್ಲಿ ನೀರು ನಿಲ್ಲಿಸುತ್ತೆ. ಅದಕ್ಕೇ ಜೊತೆಗೆ ನೀರಿನ ಮಾತ್ರೆ ಕೊಟ್ಟಿದೀನಿ. ಎದೆಬಡಿತಕ್ಕೆ ಇನ್ನೊಂದು. ಮೂರನ್ನೂ ತಗೋಬೇಕು, ನೀವಾಗೇ ಒಂದನ್ನೂ ಬಿಡಬಾರದು. ಮುಖದಲ್ಲಿ ಕೂದಲು ಬಂದ್ರೆ ಗಾಬರಿಯಾಗ್ಬೇಡಿ. ದಿನಾ ಬೆಳಿಗ್ಗೆ ತೂಕ ನೋಡ್ಕೊಳ್ಳಿ. ಎರಡು ಕೆಜಿ ಏರಿದ್ರೆ ಅವತ್ತೇ ಬನ್ನಿ.’

ತೂಕದ ಯಂತ್ರ ನಮ್ಮ ವಠಾರದಲ್ಲಿ ಯಾರ ಮನೆಯಲ್ಲಿತ್ತು? ಫಿಲೇಚರ್‌ನಲ್ಲಿ ಗೂಡಿನ ಮೂಟೆ ತೂಗುವ ತಕ್ಕಡಿಯನ್ನೇ ಹತ್ತುತ್ತಿದ್ದಳು. ಎಷ್ಟೆಂದು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದಳು.

‘ಏನಮ್ಮೀ, ನಿನ್ನೂ ಮಾರ್ಕೆಟ್ಟಿಗೆ ಹಾಕ್ಲಾ?’ ಎನ್ನುತ್ತಿದ್ದ ಮಾಲೀಕ.

‘ನನ್ನ ಕೊಳ್ಳೋ ಗಂಡ್ಸು ಇನ್ನೂ ಹುಟ್ಟಿಲ್ಲ ಕಣಣ್ಣ. ಗೂಡು ನೋಡ್ಕೊ ಹೋಗು.’

ಮೀಸೆಯ ಮಾತೂ ಅಷ್ಟೆ. ‘ಅಕ್ಕೋ, ಆ ಮಾತ್ರೆ ಬುಟ್‌ಬುಡು, ಅಸಿಂಗ್ಯವಾಗಿ ಕಾಣ್ತೈತೆ’ ಎಂದಳು ಎದುರು ಮನೆಯವಳು. ‘ಮೀಸೆ ಇರೋರು ಮಾಡೋ ಗೇಮೆಯೆಲ್ಲ ನಾನೇ ಮಾಡ್ತಾವ್ನಿ. ಬರ್ಲಿ ಬುಡು!’ ಎಂದಳು ಅಕ್ಕ.

ನಾನು ಹೆದರಿದ್ದೂ ಅದೊಂದಕ್ಕೇ. ನಾಚಿಕೆಪಟ್ಟು ಆ ಮಾತ್ರೆ ಬಿಟ್ಟುಬಿಟ್ಟಾಳೆಂದು ವಾರವಾರವೂ ಅದರ ಖಾಲಿ ಸ್ಟ್ರಿಪ್ ನೋಡುತ್ತಿದ್ದೆ. ಒಂದೂ ತಪ್ಪಿರಲಿಲ್ಲ. ಜಾಣೆ ಎಂದು ಹೊಗಳಿದೆ. ಉಳಿದೆರಡನ್ನು ನೋಡಬೇಕೆಂದು ಹೊಳೆಯಲೇ ಇಲ್ಲ.

ಗೋಡೆಯ ಮೇಲಿನ ಅಂಕಿ ಏರುತ್ತಿತ್ತು. ಚಪ್ಪಲಿಯ ಪಟ್ಟಿ ಪಾದದಲ್ಲಿ ಹೂತುಹೋಗುತ್ತಿತ್ತು. ‘ದಪ್ಪ ಆಗ್ತಿದೀಯಲ್ಲೇ’ ಎಂದೆ. ‘ನಿನ್ ಕೈ ಊಟ ಕಣಮ್ಮಿ!’ ಎಂದಳು. ಇಬ್ಬರೂ ನಕ್ಕೆವು. ನಾಲ್ಕು ಕೆಜಿ ಏರಿತ್ತು. ಡಾಕ್ಟರಮ್ಮನ ಮಾತನ್ನು ಕಿವಿಯಾರೆ ಕೇಳಿದ್ದವಳು, ಓದಿದವಳು ಬೇರೆ, ನಾನು ನಕ್ಕೆ.

ಒಂದು ಬೆಳಿಗ್ಗೆ ಅವಳಿಗೆ ಉಸಿರೇ ಸಿಗಲಿಲ್ಲ. ಹೃದಯದ ಸುತ್ತ ನೀರು ತುಂಬಿದೆ ಎಂದರು ಡಾಕ್ಟರಮ್ಮ. ‘ನೀರಿನ ಮಾತ್ರೆ ತಗೊಂಡ್ರಾ?’

ಅಕ್ಕ ಮುಖ ತಿರುಗಿಸಿದಳು. ಎರಡನೇ ಸಲ ಕೇಳಿದಾಗ ಏದುತ್ತಾ ಹೇಳಿದಳು: ‘ಅದ ನುಂಗುದ್ರೆ ಗಳಿಗ್ಗೊಂದ್ಸಲ ಎದ್ದೋಗ್ಬೇಕು ತಾಯಿ. ಎಲ್ಲಿಗೋಗನ? ಹಿಂದ್ಗಡೆ ಬಯಲಲ್ಲಿ ಗಂಡಸ್ರು ಬೀಡಿ ಸೇದ್ತಾ ನಿಂತಿರ್ತಾರೆ.’

‘ಒಂದು ಮಾತು ಹೇಳಿದ್ರೆ ಏನಾದ್ರೂ ದಾರಿ ಹುಡುಕ್ತಿದ್ದೆನಲ್ಲಮ್ಮ’ ಎಂದರು ಡಾಕ್ಟರಮ್ಮ.

ಎರಡನೇ ದಿನ ಹೋದಳು.

ಹನ್ನೊಂದು ಹೆಂಗಸರು ಬೆಳಗಿನಿಂದ ಸಂಜೆಯವರೆಗೆ ಕುದಿನೀರಿನ ಮುಂದೆ ಕೂರುವ ಜಾಗದಲ್ಲಿ ಒಂದು ಕಕ್ಕಸಿರಲಿಲ್ಲ. ಮಣ್ಣಿಗೆ ಬಂದ ಮಾಲೀಕ ಕೈಮುಗಿದು, ‘ಕಟ್ಟಿಸ್ಬೇಕು ಅಂತಾನೇ ಇದ್ದೆ’ ಎಂದ. ಅವನ ಕಪಾಳಕ್ಕೆ ಹೊಡೆಯಲಿಲ್ಲವೆಂಬ ಸಿಟ್ಟು ನನಗೆ ಇವತ್ತಿಗೂ ಇದೆ. ನನ್ನ ಮೇಲಿನ ಸಿಟ್ಟು ಅದಕ್ಕಿಂತ ದೊಡ್ಡದು. ದಿನಾ ಬುತ್ತಿ ಹಿಡಿದು ಹೋದವಳು, ಉಂಡ್ಯಾ ಎಂದು ದಿನಾ ಕೇಳಿದವಳು, ಎಲ್ಲಿಗೆ ಹೋಗ್ತೀಯ ಎಂದು ಒಮ್ಮೆಯೂ ಕೇಳಲಿಲ್ಲ. ಗಂಡಸರಾದರೆ ಬಿಡಿ, ನಾನು ಹೆಂಗಸು.

ಮೀಸೆಗೆ ನಾಚದವಳು ಇದನ್ನು ನನ್ನಿಂದ ಯಾಕೆ ಮುಚ್ಚಿಟ್ಟಳು? ಒಂದು ಮಾತ್ರೆ ನುಂಗಿ ಇನ್ನೊಂದನ್ನು ಬಿಟ್ಟರೆ ಜೀವಕ್ಕೇ ಕುತ್ತೆಂದು ಅವಳಿಗೆ ಅರ್ಥವಾಗಿತ್ತೋ, ಅರ್ಥವಾಗಿಯೂ ಬಿಟ್ಟಳೋ? ಗೊತ್ತಿಲ್ಲ. ಕೇಳಲು ನನಗೆ ಎರಡು ದಿನವಿತ್ತು. ಕೇಳಲಿಲ್ಲ.