ಮಕ್ತುಮಸಾಬರ ತೋರುಬೆರಳು

ಲಕ್ಷ್ಮೇಶ್ವರದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಮಕ್ತುಮಸಾಬರು ಇನ್ವರ್ಟರ್ ರಿಪೇರಿ ಮಾಡುತ್ತಾರೆ. ಮೂಲ ಶಿಗ್ಲಿಯವರು. ಮೊದಲು ರೇಡಿಯೊ, ಆಮೇಲೆ ಟಿ.ವಿ., ಗದಗ ಜಿಲ್ಲೆಯಾದ ಮೇಲೆ ಇನ್ವರ್ಟರ್. ಮೀಟರ್ ಇದ್ದರೂ ಅವರು ನಂಬುತ್ತಿದ್ದದ್ದು ತಮ್ಮ ತೋರುಬೆರಳನ್ನು. ಕೆಲಸ ಮುಗಿದ ಮೇಲೆ ಇನ್ವರ್ಟರ್ ಓಡಿಸಿ, ಒಳಗೆ ಬಿಸಿ ಹೀರುವ ಅಲ್ಯೂಮಿನಿಯಂ ಪಟ್ಟಿಯನ್ನು ಮುಟ್ಟಿ, ಬಿಸಿ ನೋಡಿ, "ಒಯ್ರಿ" ಅನ್ನುತ್ತಿದ್ದರು.

ಸುಟ್ಟು ಸುಟ್ಟು ಆ ಬೆರಳಿನ ತುದಿಗೆ ಈಗ ಏನೂ ತಿಳಿಯುವುದಿಲ್ಲ. ಅವರಿಗೆ ಅದು ಗೊತ್ತಾದದ್ದು ನಮ್ಮ ಇನ್ವರ್ಟರ್‌ನಿಂದ.

ನನ್ನ ಮಗಳಿಗೆ ಒಂದೂವರೆ ವರ್ಷ. ಉಬ್ಬಸ. ಔಷಧಿಯನ್ನು ಹಬೆಯಂತೆ ಕೊಡುವ ಯಂತ್ರಕ್ಕೆ ಕರೆಂಟು ಬೇಕು. ಮಧ್ಯಾಹ್ನ ಕರೆಂಟು ಇರುವುದಿಲ್ಲ. ಅವರು ರಿಪೇರಿ ಮಾಡಿಕೊಟ್ಟ ಇನ್ವರ್ಟರ್ ಎರಡನೇ ದಿನವೇ ಹೊಗೆಯಾಡಿ ನಿಂತಿತು. ಮಗುವನ್ನೆತ್ತಿಕೊಂಡು ಆಸ್ಪತ್ರೆಗೆ ಓಡಿದೆ. ಸಂಜೆಗೆ ಉಸಿರು ಸರಿಹೋಯಿತು. ಮರುದಿನ ಇನ್ವರ್ಟರನ್ನು ಅವರ ಮೇಜಿನ ಮೇಲಿಟ್ಟೆ. ಸಿಟ್ಟೂ ಬರಲಿಲ್ಲ, ಅಳುವೂ ಬರಲಿಲ್ಲ.

"ನಾ ಮುಟ್ಟಿ ನೋಡಿದ್ನಲ್ಲ ತಂಗೀ, ತಣ್ಣಗಿತ್ತು."

ಒಳಗಿನಿಂದ ಹೆಂಡತಿ ಮೆಹಬೂಬಿ ಅಂದರು: "ನಿಮ್ಮ ಕೈಗೆ ಕಾದ ಹಂಚೂ ತಣ್ಣಗ. ನಿನ್ನಿ ಬಿಸಿ ಚಾದಾಗ ಬೆರಳು ಅದ್ದಿಕೊಂಡು ಕುಂತಿದ್ರಿ, ಖಬರ ಐತೇನು?"

ಅವರು ನಗಲಿಲ್ಲ. ಬೆರಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು.

ನಾಲ್ಕು ದಿನ ಕೂತು ಒಳಗಿನ ಬೋರ್ಡನ್ನೇ ಬದಲಿಸಿದರು. "ಬೋರ್ಡಿನ್ಯಾಗಿನ ಈ ಸ್ವಿಚ್ಚು ತಾನ ಸೆಕೆಂಡಿಗೆ ಸಾವಿರಾರು ಸಲ ಹಾಕಿ ತಗೀತೈತವಾ. ವೋಲ್ಟೇಜ್ ಮೈಮ್ಯಾಲ ಇದ್ದಾಗ ಹಾಕಿದ್ರ ಸಲಕ್ಕೊಂದೀಟು ಸುಡತೈತಿ. ಈ ಕಾಯಿಲ್ಲು, ಕೆಪ್ಯಾಸಿಟರು ಸೇರಿ ವೋಲ್ಟೇಜ್ ಸೊನ್ನಿಗೆ ಇಳಸ್ತಾವು. ಅಲ್ಲೀತನಕಾ ತಡದು, ಆಮ್ಯಾಲ ಹಾಕೂದು. ಸಾಫ್ಟ್ ಸ್ವಿಚಿಂಗ್ ಅಂತಾರ ಇದಕ್ಕ. ಬಿಸಿ ಆಗೂದು ಭಾಳ ಕಡಿಮಿ."

ಮಗಳ ಹಬೆಯ ಯಂತ್ರವನ್ನು ನನ್ನಿಂದ ತರಿಸಿ, ಅಂಗಡಿಯಲ್ಲೇ ಇನ್ವರ್ಟರಿಗೆ ಹಚ್ಚಿ ಒಂದು ತಾಸು ಓಡಿಸಿದರು. ಅವರ ಬೆರಳು ಪಟ್ಟಿಯ ಕಡೆ ಹೋಗಿ ಅರ್ಧಕ್ಕೆ ನಿಂತಿತು.

"ಮೆಹಬೂಬಿ, ಜಲ್ದಿ ಬಾ. ನೀ ಮುಟ್ಟು."

ಮೆಹಬೂಬಿ ಕೈ ಒರೆಸಿಕೊಂಡು ಬಂದು ಅಂಗೈಯ ಹಿಂಬದಿ ಇಟ್ಟರು, ಮಕ್ಕಳ ಹಣೆ ನೋಡುವಂತೆ. "ಜ್ವರ ಇಲ್ರಿ ಇದಕ್ಕ."

"ಖರೆ?"

"ಖರೇನ ರೀ."

ಅವರು ನನ್ನ ಕಡೆ ತಿರುಗಿದರು. "ನೀನೂ ನೋಡವಾ. ಕೂಸು ನಿಂದು."

ಮುಟ್ಟಿದೆ. ಮಗಳು ಹುಷಾರಾಗಿದ್ದಾಗ ಅವಳ ಹಣೆ ಇರುವಷ್ಟೇ ಬೆಚ್ಚಗಿತ್ತು. ಹಾಗೆಯೇ ಹೇಳಿದೆ.

ಆ ಇನ್ವರ್ಟರ್ ಇನ್ನೂ ನಡೆಯುತ್ತಿದೆ. ಈಗ ಆ ಅಂಗಡಿಯಿಂದ ಯಾವ ಇನ್ವರ್ಟರ್ ಹೊರಡಬೇಕಾದರೂ ಮೊದಲು ಮೆಹಬೂಬಿ ಬರಬೇಕು. ಮಕ್ತುಮಸಾಬರು ಕೈ ಹಿಂದೆ ಕಟ್ಟಿಕೊಂಡು ಹೆಂಡತಿಯ ಮುಖ ನೋಡುತ್ತಾ ನಿಂತಿರುತ್ತಾರೆ.