ಹೊಗೆಯಲ್ಲಿ ಮಾಯವಾದ ಬಿಳಿ ತಟ್ಟೆ

ಔಷಧಿ ಅಂಗಡಿಯ ಮಾಲೀಕರು ಅವಳನ್ನು ಮೊದಲು ಕಂಡದ್ದು ಕೆರೆಯ ದಂಡೆಯ ಬೆಂಚಿನಿಂದ. ನಡುಮಧ್ಯಾಹ್ನ, ದಡದಿಂದ ತುಸು ದೂರದಲ್ಲಿ ಒಂದು ದೋಣಿ. ಅದರಲ್ಲಿ ಒಬ್ಬ ಹೆಂಗಸು ಹಗ್ಗಕ್ಕೆ ಕಟ್ಟಿದ ತಟ್ಟೆಯನ್ನು ನೀರಿಗೆ ಇಳಿಸುತ್ತಾಳೆ, ಎತ್ತುತ್ತಾಳೆ, ಮತ್ತೆ ಇಳಿಸಿ ಬಗ್ಗಿ ನೋಡುತ್ತಾಳೆ. ಮಾಲೀಕರು ಆಗಷ್ಟೇ ‘ಸರೋವರ ಸಂರಕ್ಷಣಾ ಸಮಿತಿ’ಯ ಅಧ್ಯಕ್ಷರಾಗಿದ್ದರು. ಊರಿಗೆಲ್ಲ ಅದು ಕೆರೆ; ಅಧ್ಯಕ್ಷರಾದ ದಿನದಿಂದ ಅವರೊಬ್ಬರಿಗೆ ಸರೋವರ. ಕೈಗೆ ಅಧಿಕಾರ ಬಂದಿತ್ತು, ಚಲಾಯಿಸಲು ಇನ್ನೂ ಯಾರೂ ಸಿಕ್ಕಿರಲಿಲ್ಲ. ಎದ್ದು ನಿಂತು ಕೂಗಿದರು.

“ಏನಮ್ಮಾ, ಪಾತ್ರೆ ತೊಳೆಯೋಕೆ ಮನೇಲಿ ನಲ್ಲಿ ಇಲ್ವಾ?”

“ಇದೆ ಸಾರ್. ಆ ನಲ್ಲೀಲಿ ಬರೋದು ಈ ನೀರೇ. ಅದಕ್ಕೇ ನೋಡ್ತಿದೀನಿ,” ಎಂದಿತು ದೋಣಿ.

ಅವಳು ನೀರು ಪರೀಕ್ಷಿಸುವ ಪ್ರಯೋಗಾಲಯದವಳು. ಬಿಳಿ ತಟ್ಟೆ ಎಷ್ಟು ಆಳಕ್ಕೆ ಇಳಿದು ಮಾಯವಾಗುತ್ತದೋ ನೀರು ಅಷ್ಟು ತಿಳಿಯಾಗಿದೆ ಎಂದು ಲೆಕ್ಕ. ಅದಕ್ಕೂ ಒಂದು ಶಿಸ್ತುಂಟು. ದೋಣಿಯ ನೆರಳು ಬಿದ್ದ ಕಡೆಯೇ ಇಳಿಸಬೇಕು, ಕಪ್ಪು ಕನ್ನಡಕ ಹಾಕಬಾರದು, ಆದಷ್ಟೂ ವರ್ಷ ವರ್ಷವೂ ಅದೇ ಕಣ್ಣು ನೋಡಬೇಕು. ಆ ಕಣ್ಣು ಇವಳದು. ಬೀದಿಗೆಲ್ಲ ಅವಳು ತಟ್ಟೆಯಕ್ಕ. ಅವಳ ಅತ್ತೆಯಂತೂ ಔಷಧಿ ಅಂಗಡಿಗೆ ಬಂದಾಗಲೆಲ್ಲ ಹೆಮ್ಮೆಯನ್ನು ದೂರಿನ ಧಾಟಿಯಲ್ಲಿ ಹೇಳುತ್ತಿದ್ದರು: “ನಮ್ಮ ಸೊಸೆ ತಟ್ಟೆ ಮುಳುಗಿಸಿ ಸಂಬಳ ತರ್ತಾಳೆ. ನಾನು ಜೀವಮಾನವೆಲ್ಲಾ ತಿಕ್ಕಿದೆ, ಒಬ್ಬರೂ ಬಿಡಿಗಾಸು ಕೊಡ್ಲಿಲ್ಲ.”

ಆ ಬೇಸಿಗೆಯಲ್ಲಿ ಬೆಟ್ಟದಾಚೆ ಕಾಡ್ಗಿಚ್ಚು ಎದ್ದಿತು. ಬೆಂಕಿ ಊರಿಗೆ ಬರಲಿಲ್ಲ. ಹೊಗೆ ಬಂದು, ಹೊರಡುವ ಮಾತೇ ಎತ್ತದ ನೆಂಟನ ಹಾಗೆ ತಳವೂರಿತು. ಅಂಗಡಿಗಳಲ್ಲಿ ಹಗಲೇ ದೀಪ, ಒಣಹಾಕಿದ ಬಟ್ಟೆಗಳ ಮೇಲೆ ಬೂದಿ. ಅಧ್ಯಕ್ಷರ ಅಂಗಡಿಯಲ್ಲಿ ಕೆಮ್ಮಿನ ಔಷಧಿ ಖಾಲಿಯಾಯಿತು. ಊರಿನ ಕೆಮ್ಮಿಗಾಗಿ ಅವರು ಬಹಿರಂಗವಾಗಿ ದುಃಖಪಟ್ಟರು.

ಆ ವಾರ ತಟ್ಟೆ ಎಂದಿಗಿಂತ ಎಷ್ಟೋ ಮೇಲೆಯೇ ಮಾಯವಾಯಿತು. ತಟ್ಟೆಯಕ್ಕ ಕಂಡದ್ದನ್ನು ಕಂಡಂತೆ ವರದಿ ಮಾಡಿದಳು. ಅಧ್ಯಕ್ಷರಿಗೆ ಅದರಲ್ಲಿ ಸರೋವರದ ಕಷ್ಟಕ್ಕಿಂತ ತಮ್ಮ ಅವಕಾಶವೇ ನಿಚ್ಚಳವಾಗಿ ಕಂಡಿತು. ಬೂದಿ ಬಿದ್ದು ಪಾಚಿ ಎದ್ದಿದೆ, ಅನುಮಾನವಿಲ್ಲ. ಮೈಲುತುತ್ತ ಸುರಿದರೆ ಪಾಚಿ ಸಾಯುತ್ತದೆ, ಅದಕ್ಕೂ ಅನುಮಾನವಿಲ್ಲ. ಮೂಟೆಗಳು ದಂಡೆಗೆ ಬಂದಿಳಿದವು. ಮರುದಿನದ ಸಭೆಯಲ್ಲಿ ಸಮಿತಿಯ ಒಪ್ಪಿಗೆ ಪಡೆಯುವುದೊಂದೇ ಬಾಕಿ. ಅದಾದ ಕೂಡಲೇ ದೋಣಿಯ ಮುಂದುಗಡೆ ನಿಂತು ಮೊದಲ ಬೊಗಸೆ ಎಸೆಯುವವರು ಅವರೇ. ಕೈಗವಸು ಹಾಕಿಕೊಳ್ಳಿ ಎಂದು ಹೆಂಡತಿ ಹೇಳಿದ್ದಕ್ಕೆ, ಫೋಟೋದಲ್ಲಿ ಚೆನ್ನಾಗಿ ಕಾಣುವುದಿಲ್ಲ ಎಂದಿದ್ದರು.

ಸಭೆಯ ಕೋಣೆಯಲ್ಲಿ ಹೊಗೆಗೆ ಹೆದರಿ ಕಿಟಕಿ ಮುಚ್ಚಿದ್ದರಿಂದ ಎಲ್ಲರೂ ಬೆವರುತ್ತಿದ್ದರು. ಅಧ್ಯಕ್ಷರು ಗಂಟಲು ಸರಿಮಾಡಿಕೊಂಡರು. “ನಮ್ಮ ತಟ್ಟೆಯಕ್ಕನವರ ಎಂದೂ ತಪ್ಪದ ಕಣ್ಣು...”

“ತಪ್ಪಿದೆ ಸಾರ್,” ಎಂದಳು ಹಿಂದಿನ ಸಾಲಿನಲ್ಲಿದ್ದ ತಟ್ಟೆಯಕ್ಕ. “ಈ ಸಲದ ಅಳತೆ ನಂಬಬೇಡಿ.”

ಅಡುಗೆಗೆ ಉಪ್ಪು ಕಡಿಮೆಯಾಯಿತು ಎನ್ನುವಷ್ಟು ಸಲೀಸಾಗಿ ಹೇಳಿದಳು. 

“ನಿನ್ನೆ ಸಂಜೆ ನಮ್ಮತ್ತೆ ಕಿಟಕಿ ಹತ್ರ ಕೂತು ಸೂಜಿ ಜೊತೆ ಜಗಳ ಆಡ್ತಿದ್ರು. ಕಣ್ಣು ಹೋಯ್ತು ಕಣೇ, ನನ್ನ ಕಥೆ ಮುಗೀತು ಅಂದ್ರು. ದೀಪ ಹಾಕಿದೆ, ದಾರ ಸಲೀಸಾಗಿ ಹೋಯ್ತು. ಆಗ ನನಗೆ ಹೊಳೀತು. ಹೊಗೆ ಕವಿದ ಬೆಳಕಲ್ಲಿ, ನೀರು ಸುರಿಸೋ ಕಣ್ಣಲ್ಲಿ ತಟ್ಟೆ ನೋಡಿ ಕೆರೆ ಮೇಲೆ ಅಪವಾದ ಹೊರಿಸಿಬಿಟ್ಟೆ. ಬೆಳಿಗ್ಗೆ ಬೇಗ ಹೋಗಿ ಕೆರೆ ನೀರು ಸೋಸಿದೆ. ಪಾಚಿ ಇದ್ದಿದ್ರೆ ಕಾಗದ ಹಸಿರಾಗ್ಬೇಕಿತ್ತು. ನೋಡಿ.”

ಸೋಸಿದ ಕಾಗದ ಹೆಚ್ಚುಕಡಿಮೆ ಬಿಳಿಯಾಗಿಯೇ ಇತ್ತು. ಜೊತೆಗೊಂದು ಬಾಟಲಿ ಮೇಜಿನ ಮೇಲಿಟ್ಟಳು. ಒಳಗೆ ಧೂಳಿನ ಕಣಗಳಂಥ ಏನೋ ಕುಪ್ಪಳಿಸುತ್ತಿದ್ದವು.

“ಇವು ನೀರುಚಿಗಟ. ಬಿಸಿಲು ಮೈ ಸುಡುತ್ತೆ ಅಂತ ಹಗಲೆಲ್ಲಾ ಆಳದಲ್ಲಿ ಅವಿತಿರ್ತಾವೆ. ನಿನ್ನೆ ಮಧ್ಯಾಹ್ನ ಮಾಮೂಲಿನಂತೆ ಸಣ್ಣ ಬಲೆ ಎಳೆದಾಗ ಮೇಲ್ನೀರಲ್ಲೇ ಬಲೆ ತುಂಬಾ ಸಿಕ್ಕಿದ್ವು. ಹೊಗೆ ಇವಕ್ಕೆ ಕೊಡೆ ಹಿಡಿದಿದೆ. ಪಾಚಿ ತಿನ್ನೋದು ಇವೇ. ಮೈಲುತುತ್ತ ಸುರಿದ್ರೆ ಮೊದಲು ಸಾಯೋದೂ ಇವೇ.”

“ಅಂದ್ರೆ ಕೆರೆಗೆ ಏನೂ ಆಗಿಲ್ಲ ಅಂತೀರಾ?” ಅವಸರದಲ್ಲಿ ಅಧ್ಯಕ್ಷರ ಬಾಯಲ್ಲೂ ಅದು ಕೆರೆಯೇ ಆಯಿತು.

“ಹಾಗೆಲ್ಲಿ ಅಂದೆ? ಬೂದಿ ಪಾಚಿಗೆ ಗೊಬ್ಬರ. ಹೊಗೆ ಹೋಗಿ ಬಿಸಿಲು ಬಂದಮೇಲೆ ಹಸಿರಾದ್ರೂ ಆಗಬಹುದು. ಆಗ ತಿನ್ನೋಕೆ ಇವು ಬೇಕಲ್ಲ.”

ಮುಂದಿನ ಸಾಲಿನಲ್ಲಿ ಕೂತಿದ್ದ ಪ್ರಯೋಗಾಲಯದ ಮುಖ್ಯಸ್ಥೆ ಮೆಲ್ಲಗೆ ಕೇಳಿದರು. “ಇದು ತಪ್ಪು ಅಂದ್ರೆ ನಿನ್ನ ಹಳೇ ಅಳತೆಗಳನ್ನ ಹೇಗಮ್ಮಾ ನಂಬೋದು?”

ತಟ್ಟೆಯಕ್ಕನ ಮುಖ ಕೆಂಪೇರಿತು, ದನಿ ಮಾತ್ರ ಏರಲಿಲ್ಲ. “ಅನುಮಾನ ಇದ್ರೆ ಅವನ್ನೂ ಪರೀಕ್ಷೆ ಮಾಡಿಸಿ ಮೇಡಂ. ದೋಣಿಗೆ ಬೇರೆಯವರನ್ನ ಹಾಕಿದ್ರೂ ಸರಿ. ಮೂಟೆ ಬಿಚ್ಚೋದು ಮಾತ್ರ ಬೇಡ.”

ಅಧ್ಯಕ್ಷರು ಬಾಟಲಿಯನ್ನು ದೀಪಕ್ಕೆ ಹಿಡಿದು ನೋಡುತ್ತಾ ನಿಂತರು. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ‘ನನ್ನದು ತಪ್ಪು’ ಎಂಬ ಮಾತು ಅವರ ಮನೆಯಲ್ಲಿ ಕೇಳಿಬಂದಿದ್ದರೆ ಅದು ಹೆಂಡತಿಯ ಬಾಯಿಂದ, ಅದೂ ಅವರದೇ ತಪ್ಪಿಗೆ. ಇಲ್ಲಿ ಒಬ್ಬಳು ತನ್ನ ಅನ್ನಕ್ಕೆ ಆಧಾರವಾದ ಕಣ್ಣನ್ನೇ, ಇಷ್ಟು ಜನರ ಮುಂದೆ, ಕಾಲು ಮೂಡಿದ ಚುಕ್ಕೆಗಳಿಗೋಸ್ಕರ ಪಣಕ್ಕಿಟ್ಟಿದ್ದಾಳೆ. ಚುಕ್ಕೆಗಳಿಗೆ ಅದರ ಪರಿವೆಯಿಲ್ಲ, ಕುಪ್ಪಳಿಸುತ್ತಲೇ ಇವೆ. ಅವರು ಬಾಟಲಿಯನ್ನು ಹುಷಾರಾಗಿ ಕೆಳಗಿಟ್ಟು, “ಮೂಟೆ ವಾಪಸ್ ಕಳಿಸಿ,” ಎಂದರು. “ಆತುರಪಟ್ಟೆ,” ಎಂದೂ ಸೇರಿಸಿದರು. ಬಾಯಿಗೆ ಹೊಸ ಪದ, ಉಚ್ಚಾರಣೆ ಅಷ್ಟು ಸ್ಪಷ್ಟವಿರಲಿಲ್ಲ.

ಹೊಗೆ ತೆರವಾದ ಮೇಲೆ ಕೆರೆಯ ಅಂಚು ಕೆಲ ದಿನ ಹಸಿರಾಯಿತು, ಮೆಲ್ಲಗೆ ತಿಳಿಯಾಯಿತು. ಮುಖ್ಯಸ್ಥೆ ಅವಳ ಜಾಗಕ್ಕೆ ಯಾರನ್ನೂ ಹಾಕಲಿಲ್ಲ. ಹೊಗೆ ಕವಿದ ದಿನ ನೀರು ಸೋಸಿ ನೋಡದೆ ವರದಿ ಕೊಡಕೂಡದು ಎಂದು ಎಲ್ಲರಿಗೂ ನಿಯಮ ಮಾಡಿದರು.

ಅಧ್ಯಕ್ಷರು ಸನ್ಮಾನವಿಲ್ಲದೆ ಬಿಡುವ ಆಸಾಮಿಯಲ್ಲ. ಭಾಷಣಕ್ಕೆ ನಾಲ್ಕು ಒಳ್ಳೆ ಮಾತು ಹುಡುಕಿಕೊಂಡು ಪ್ರಯೋಗಾಲಯಕ್ಕೇ ಹೋದರು. ತಟ್ಟೆಯಕ್ಕ ಗಾಜಿನ ಲೋಟಗಳನ್ನು ತೊಳೆಯುತ್ತಿದ್ದಳು. ಅವರು ದನಿಯನ್ನು ಆದಷ್ಟು ಮೃದು ಮಾಡಿಕೊಂಡು ಕೇಳಿದರು.

“ತಟ್ಟೆಯಕ್ಕ, ಒಬ್ಬರೇ ಅಷ್ಟು ಹೊತ್ತು ಕೆರೆ ಮಧ್ಯೆ ಇರ್ತೀರಲ್ಲ, ಆಗ ಆ ಸರೋವರ ನಿಮಗೆ ಏನು ಹೇಳುತ್ತೆ?”

“ಏನೂ ಹೇಳಲ್ಲ ಸಾರ್. ಹೇಳೋ ಹಾಗಿದ್ದಿದ್ರೆ ನಾನ್ಯಾಕೆ ಬಿಸಿಲಲ್ಲಿ ಹೋಗಿ ಅಳೀಬೇಕಿತ್ತು?”